ಒಂದು ರಾಜೀನಾಮೆ, ನಾಲ್ಕು ಸದನ: ದಾರದಹಳ್ಳಿ ಚಂದ್ರೇಗೌಡ್ರ ರಾಜಕೀಯ ಬದುಕಿನ ಪ್ರಕರಣ ಅಧ್ಯಯನ

ನಮ್ ಚಿಕ್ಕಮಗಳೂರು ಜಿಲ್ಲೇಲಿ ಡಿ.ಬಿ. ಚಂದ್ರೇಗೌಡ್ರ ಹೆಸರು ಎತ್ತಿದ್ರೆ ಸಾಕು, "ಓ, ಇಂದಿರಾ ಗಾಂಧಿಗೆ ಸೀಟು ಬಿಟ್ಕೊಟ್ರಲ್ಲ ಅವ್ರಾ" ಅಂತಾರೆ, ಮಾತು ಅಲ್ಲಿಗೆ ಮುಗೀತು. 2023ರ ನವೆಂಬರ್ 7ಕ್ಕೆ ಅವ್ರು ತೀರ್ಕೊಂಡಾಗ್ಲೂ ಸುದ್ದಿ ಬಂದಿದ್ದು ಹಂಗೇ. ಎಂಬತ್ತೇಳು ವರ್ಷದ ಬದುಕು, ಐವತ್ತು ವರ್ಷ ಹತ್ರ ಹತ್ರ ರಾಜಕೀಯ, ಲೋಕಸಭೆ, ರಾಜ್ಯಸಭೆ, ವಿಧಾನಸಭೆ, ವಿಧಾನ ಪರಿಷತ್ತು ನಾಲ್ಕೂ ಮನೇಲಿ ಕೂತು ಬಂದವ್ರು, ಸ್ಪೀಕರ್ ಆಗಿದ್ದವ್ರು, ಕಾನೂನು ಮಂತ್ರಿ ಆಗಿದ್ದವ್ರು, ಅಷ್ಟನ್ನೂ 1978ರ ಒಂದು ರಾಜೀನಾಮೆ ಪತ್ರ ನುಂಗಿ ಹಾಕ್ಬಿಡ್ತು. ನಂಗೆ ಇದು ತುಂಬಾ ದಿನದಿಂದ ಕೊರೀತಾ ಇರೋ ವಿಷ್ಯ. ಆ ಪತ್ರ ಸಣ್ಣದು ಅಂತ ನಾನು ಹೇಳಲ್ಲ. ಆದ್ರೆ ಆ ಪತ್ರದಿಂದ ಇಂದಿರಾ ಗಾಂಧಿಗೆ ಏನಾಯ್ತು ಅನ್ನೋದನ್ನ ಎಲ್ರೂ ಬರೆದ್ರು, ಕೊಟ್ಟವ್ರಿಗೆ ಏನಾಯ್ತು, ಓಟು ಹಾಕಿದ್ದ ನಮ್ ಜಿಲ್ಲೆಗೆ ಏನಾಯ್ತು ಅನ್ನೋದನ್ನ ಕೂತು ನೋಡಿದವ್ರು ಕಮ್ಮಿ. ಅದಕ್ಕೇ ಇದನ್ನ ಒಂದು ಕೇಸ್ ಥರ ಪೂರ್ತಿ ಬಿಡಿಸಿ ಬರೀತಾ ಇದೀನಿ.

ನನ್ನ ವಾದ ಮೊದ್ಲೇ ಹೇಳ್ಬಿಡ್ತೀನಿ. ಚಂದ್ರೇಗೌಡ್ರು ಅವತ್ತು ಬಿಟ್ಕೊಟ್ಟಿದ್ದು ಬರೀ ಒಂದು ಸೀಟಲ್ಲ, ಸ್ವಂತ ಕ್ಷೇತ್ರ. ಆಮೇಲೆ ಜೀವಮಾನ ಪೂರ್ತಿ ಅವ್ರಿಗೆ ಆ ಥರ "ಇದು ನನ್ನ ನೆಲ" ಅನ್ನೋ ಕ್ಷೇತ್ರ ಸಿಗ್ಲೇ ಇಲ್ಲ.

ಮೂಡಿಗೆರೆ ತಾಲ್ಲೂಕಿನ ದಾರದಹಳ್ಳಿ ಅವ್ರ ಊರು, ಹುಟ್ಟಿದ್ದು 1936ರ ಆಗಸ್ಟ್‌ನಲ್ಲಿ. ಓದಿದ್ದು ಕಾನೂನು. 1971ರ ಲೋಕಸಭೆ ಚುನಾವಣೇಲಿ ಚಿಕ್ಕಮಗಳೂರಿನಿಂದ ಕಾಂಗ್ರೆಸ್ ಟಿಕೆಟ್‌ನಲ್ಲಿ ಗೆದ್ದಾಗ ವಯಸ್ಸು ಇನ್ನೂ 34. ಆ ಲೋಕಸಭೆ ಎಮರ್ಜೆನ್ಸಿ ಕಾರಣಕ್ಕೆ ಅವಧಿ ಮೀರಿ ಎಳೀತು, 1977ರ ಮಾರ್ಚ್‌ನಲ್ಲಿ ಚುನಾವಣೆ ಬಂತು. ಉತ್ತರ ಭಾರತದಲ್ಲಿ ಕಾಂಗ್ರೆಸ್ ಗುಡಿಸಿ ಹೋಯ್ತು, ರಾಯಬರೇಲಿಯಲ್ಲಿ ಸ್ವತಃ ಇಂದಿರಾ ಗಾಂಧಿ ರಾಜ್ ನಾರಾಯಣ್ ಎದುರು ಸೋತ್ರು, ಆದ್ರೆ ಕರ್ನಾಟಕದಲ್ಲಿ 28ಕ್ಕೆ 26 ಸೀಟು ಕಾಂಗ್ರೆಸ್ಸಿಗೇ ಬಂತು. ದೇವರಾಜ ಅರಸು ಮುಖ್ಯಮಂತ್ರಿ, ಭೂಸುಧಾರಣೆ, ಹಿಂದುಳಿದ ವರ್ಗಗಳಿಗೆ ಮಾಡಿದ ಹಾವನೂರು ಆಯೋಗ, ಇದೆಲ್ಲಾ ಹಳ್ಳಿ ಹಳ್ಳೀಲಿ ಕೆಲ್ಸ ಮಾಡಿತ್ತು. ಆ 26ರಲ್ಲಿ ಚಂದ್ರೇಗೌಡ್ರೂ ಒಬ್ರು, ಎರಡನೇ ಸಲ ಎಂಪಿ.

ಆ ಪತ್ರ

1978ರ ಜನವರಿಯಲ್ಲಿ ಕಾಂಗ್ರೆಸ್ ಮತ್ತೆ ಹೋಳಾಯ್ತು, ಇಂದಿರಾ ಕಾಂಗ್ರೆಸ್ ಹುಟ್ಟಿತು, ಹಸು ಕರು ಹೋಗಿ ಹಸ್ತದ ಗುರುತು ಬಂತು. ಫೆಬ್ರವರಿಯಲ್ಲಿ ನಮ್ ವಿಧಾನಸಭೆ ಚುನಾವಣೇಲಿ ಅರಸು ನೇತೃತ್ವದಲ್ಲಿ 224ರಲ್ಲಿ 149 ಗೆದ್ದು ತೋರಿಸಿದ್ರು. ದಕ್ಷಿಣದಲ್ಲಿ ಇಂದಿರಾ ಗಾಂಧಿಗೆ ಭದ್ರವಾದ ಜಾಗ ಯಾವ್ದು ಅಂತ ಕೇಳಿದ್ರೆ ಕರ್ನಾಟಕ ಅನ್ನೋದೇ ಉತ್ತರ ಆಗಿತ್ತು, ಅದ್ರಲ್ಲೂ ಅರಸು ಸರ್ಕಾರದ ಬೆಂಬಲ ಇರೋ, ಹಾಲಿ ಸಂಸದರು ತಮ್ಮ ಮಾತು ಕೇಳೋ ಒಂದು ಕ್ಷೇತ್ರ ಬೇಕಿತ್ತು. ಅದು ಚಿಕ್ಕಮಗಳೂರಾಯ್ತು.

ಇಲ್ಲಿ ಒಂದು ಸಂಗತಿ ಯಾರೂ ಗಮನಿಸಲ್ಲ, ನಿಧಾನವಾಗಿ ಓದಿ. 1977ರಲ್ಲಿ ಗೆದ್ದವ್ರಿಗೆ ಲೋಕಸಭೆ ಅವಧಿ ಐದು ವರ್ಷ ಆಗಿರ್ಲಿಲ್ಲ. ಎಮರ್ಜೆನ್ಸಿ ಟೈಮಲ್ಲಿ ಬಂದ 42ನೇ ತಿದ್ದುಪಡಿ ಅದನ್ನ 6 ವರ್ಷ ಮಾಡಿತ್ತು, ವಾಪಸ್ 5ಕ್ಕೆ ಇಳಿಸಿದ 44ನೇ ತಿದ್ದುಪಡಿ ಜಾರಿಗೆ ಬಂದಿದ್ದು 1979ರಲ್ಲಿ. ಅಂದ್ರೆ 1978ರಲ್ಲಿ ರಾಜೀನಾಮೆಗೆ ಸಹಿ ಹಾಕುವಾಗ ಕಾನೂನಿನ ಪ್ರಕಾರ ಅವ್ರ ಸದಸ್ಯತ್ವ 1983ರವರೆಗೆ ಇತ್ತು. ಒಂದೂವರೆ ವರ್ಷ ಕೂತು ನಾಲ್ಕೂವರೆ ವರ್ಷ ಬಿಟ್ಟೆದ್ದು ಬಂದ್ರು. ಆ ಲೋಕಸಭೆ 1979ರ ಆಗಸ್ಟ್‌ನಲ್ಲೇ ವಿಸರ್ಜನೆ ಆಗುತ್ತೆ ಅನ್ನೋದು ಅವತ್ತು ಯಾರಿಗೆ ಗೊತ್ತಿತ್ತು. ಆಮೇಲೆ ಲೆಕ್ಕ ಹಾಕಿ "ಏನ್ ಮಹಾ ಕಳ್ಕೊಂಡ್ರು, ಹೆಚ್ಚಂದ್ರೆ ಒಂದು ವರ್ಷ" ಅನ್ನೋದು ಸುಲಭ, ಸಹಿ ಹಾಕೋ ದಿನ ಕಣ್ಣೆದುರು ಇದ್ದದ್ದು ನಾಲ್ಕೂವರೆ ವರ್ಷ.

ಇನ್ನೊಂದು. ಈಗ ಸೀಟು ಖಾಲಿ ಆದ್ರೆ ಆರು ತಿಂಗಳೊಳಗೆ ಉಪಚುನಾವಣೆ ಮಾಡ್ಲೇಬೇಕು ಅಂತ ಕಾನೂನಿದೆ, ಆದ್ರೆ ಆ ಸೆಕ್ಷನ್ ಸೇರಿದ್ದು 1996ರಲ್ಲಿ. 1978ರಲ್ಲಿ ಆ ಗಡುವು ಇರ್ಲಿಲ್ಲ. ದಿಲ್ಲೀಲಿ ಇಂದಿರಾ ಗಾಂಧಿಯನ್ನ ಸೋಲಿಸಿ ಬಂದ ಜನತಾ ಸರ್ಕಾರ. ಸೀಟು ಖಾಲಿ ಮಾಡಿ ಆಮೇಲೆ ಚುನಾವಣೆ ಯಾವಾಗ ಅಂತ ಕಾಯ್ಬೇಕಾಗಿ ಬಂದಿದ್ರೂ ಬರ್ತಿತ್ತು. ರಾಜೀನಾಮೆ ಅನ್ನೋದು ಸ್ಪೀಕರ್‌ಗೆ ಕೈಯಾರೆ ಬರೆದು ಕೊಡೋ ಒಂದೆರಡು ಸಾಲು ಅಷ್ಟೇ, ಸಂವಿಧಾನದ 101ನೇ ವಿಧಿ ಕಾರಣ ಕೂಡ ಕೇಳಲ್ಲ. ಕೊಟ್ಟ ಮೇಲೆ, ಅಂಗೀಕಾರ ಆದ ಮೇಲೆ, ವಾಪಸ್ ತಗೊಳ್ಳೋ ದಾರಿ ಇಲ್ಲ. ಇಷ್ಟು ಗೊತ್ತಿದ್ದು ಕಾನೂನು ಓದಿದ ಮನುಷ್ಯ ಬರೆದು ಕೊಟ್ರು ಅಂದ್ರೆ ಅದನ್ನ ಹಗುರವಾಗಿ ತಗೊಳ್ಳೋಕಾಗಲ್ಲ.

ಅದೇ ಹೊತ್ತಲ್ಲಿ ಇನ್ನೊಂದು ಪ್ರಶ್ನೆನೂ ನಾನು ಬಿಡಲ್ಲ. ಆ ಸೀಟು ಅವ್ರ ಸ್ವಂತದ್ದಾಗಿತ್ತಾ? ಮೂಡಿಗೆರೆ, ಶೃಂಗೇರಿ, ಚಿಕ್ಕಮಗಳೂರು ಕಡೆ ಜನ ಮಾರ್ಚ್ 1977ರಲ್ಲಿ ಸಾಲಲ್ಲಿ ನಿಂತು ಓಟು ಒತ್ತಿದ್ದು ಚಂದ್ರೇಗೌಡ್ರು ನಮ್ ಪರವಾಗಿ ದಿಲ್ಲೀಲಿ ಕೂತ್ಕೊಳ್ಳಿ ಅಂತ. ಅದನ್ನ ಪಾರ್ಟಿ ಅಗತ್ಯಕ್ಕೆ ಕೊಟ್ಟುಬಿಡೋದು ಅಂದ್ರೆ ಓಟು ಕೊಟ್ಟವ್ರನ್ನ ಒಂದು ಮಾತು ಕೇಳ್ದೇ ಮಾಡಿದ ತೀರ್ಮಾನ. ಇದಕ್ಕೆ ಇರೋ ಒಂದೇ ಉತ್ತರ ಏನಂದ್ರೆ ಉಪಚುನಾವಣೆ, ಜನಕ್ಕೆ ಬೇಡ ಅನ್ನಿಸಿದ್ರೆ ಸೋಲಿಸ್ಬೋದಿತ್ತು, ಅವ್ರು ಸೋಲಿಸ್ಲಿಲ್ಲ.

ನವೆಂಬರ್ 1978

ಕಾಫಿ ನಾಡಲ್ಲಿ ನವೆಂಬರ್ ಅಂದ್ರೆ ಅರೇಬಿಕಾ ಹಣ್ಣಾಗೋ ಕಾಲ. ಮಳೆ ಹಿಂದೆ ಸರಿದಿರುತ್ತೆ, ತೋಟದಲ್ಲಿ ಕೊಯ್ಲಿಗೆ ಆಳು ಹೊಂದಿಸೋ ತಲೆನೋವು ಶುರು, ಕೂಲಿಯವ್ರು ಇರೋ ಲೈನ್ ಮನೆಗಳು ತುಂಬಿರುತ್ತೆ, ತೋಟದ ಲೆಕ್ಕ ಬರೆಯೋ ರೈಟರ್ ಬೆಳಿಗ್ಗೆ ಹಾಜರಿ ಪುಸ್ತಕ ಹಿಡ್ಕೊಂಡು ನಿಂತಿರ್ತಾನೆ, ಕಣ ಸಾರಿಸಿ ರೆಡಿ ಮಾಡ್ತಿರ್ತಾರೆ. ಇಂಥ ಟೈಮಲ್ಲಿ ದೇಶದ ಎಲ್ಲಾ ಪತ್ರಿಕೆಯವ್ರು, ಕೇಂದ್ರ ಮಂತ್ರಿಗಳು, ಉತ್ತರದ ಲೀಡರ್‌ಗಳು ಚಿಕ್ಕಮಗಳೂರಿಗೆ ಬಂದಿಳಿದ್ರು. ಜನತಾ ಪಕ್ಷದ ಕಡೆಯಿಂದ ಕ್ಯಾಂಡಿಡೇಟ್ ವೀರೇಂದ್ರ ಪಾಟೀಲ್, ಹಿಂದೆ ಮುಖ್ಯಮಂತ್ರಿ ಆಗಿದ್ದವ್ರು, ಒಳ್ಳೇ ಹೆಸರಿದ್ದ ಮನುಷ್ಯ, ಆದ್ರೆ ಕಲಬುರಗಿ ಕಡೆಯವ್ರು. ಅವ್ರ ಪರವಾಗಿ ಓಡಾಡಿದ್ದು ಜಾರ್ಜ್ ಫರ್ನಾಂಡಿಸ್. ಕಾಂಗ್ರೆಸ್ ಕಡೆಯಿಂದ "ಏಕ್ ಶೇರ್ನಿ ಸೌ ಲಂಗೂರ್, ಚಿಕ್ಮಗಳೂರ್ ಭಾಯಿ ಚಿಕ್ಮಗಳೂರ್" ಅನ್ನೋ ಹಿಂದಿ ಘೋಷಣೆ, ನಮ್ ಮಲೆನಾಡಿನ ಅರ್ಧ ಜನಕ್ಕೆ ಲಂಗೂರ್ ಅಂದ್ರೆ ಏನು ಅಂತ ಅವತ್ತು ಗೊತ್ತಿತ್ತೋ ಇಲ್ವೋ, ಆದ್ರೂ ಊರಿನ ಹೆಸರು ದೇಶ ಪೂರ್ತಿ ಓಡಾಡ್ತು.

ಒಂದು ವಿಷ್ಯ ಇಲ್ಲಿ ಹೇಳ್ಲೇಬೇಕು, ಯಾಕೆ ಎಂಪಿ ಸೀಟು ಈ ಜಿಲ್ಲೆಗೆ ಅಷ್ಟು ಮುಖ್ಯ ಅಂತ. ಆಗ ಬೆಳೆಗಾರ ತನ್ನ ಕಾಫಿನ ತನಗೆ ಬೇಕಾದವ್ರಿಗೆ ಮಾರೋ ಹಾಗಿರ್ಲಿಲ್ಲ, ಕಾಫಿ ಮಂಡಳಿ ಪೂಲ್‌ಗೇ ಕೊಡ್ಬೇಕು, ದುಡ್ಡು ಕಂತು ಕಂತಲ್ಲಿ ಬರೋದು. ಆ ಪದ್ಧತಿ ಪೂರ್ತಿ ಹೋಗಿದ್ದು 1996ರ ಹೊತ್ತಿಗೆ. ಮಂಡಳಿ ಇದ್ದದ್ದು ಕೇಂದ್ರದ ವಾಣಿಜ್ಯ ಇಲಾಖೆ ಕೈಲಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರನೂ ಕೇಂದ್ರದ್ದೇ. ಅಂದ್ರೆ ಸಣ್ಣ ಬೆಳೆಗಾರನ ಹೊಟ್ಟೆಪಾಡಿನ ತೀರ್ಮಾನ ಆಗ್ತಿದ್ದದ್ದು ಬೆಂಗಳೂರಿನ ವಿಧಾನಸೌಧದಲ್ಲಿ ಅಲ್ಲ, ದಿಲ್ಲೀಲಿ. ಬೇರೆ ಜಿಲ್ಲೆಗೆ ಎಂಪಿ ಅಂದ್ರೆ ದೂರದ ಸಂಬಂಧಿ ಇದ್ದಂಗೆ, ಕಾಫಿ ನಾಡಿಗೆ ಹಂಗಲ್ಲ. ತೋಟದ ಮನುಷ್ಯ, ದಾರದಹಳ್ಳಿಯ ಮನುಷ್ಯ ಪಾರ್ಲಿಮೆಂಟಲ್ಲಿ ಇರೋದು ಅಂದ್ರೆ ಅದಕ್ಕೊಂದು ಬೆಲೆ ಇತ್ತು.

ಆದ್ರೆ ಓಟು ಬಿದ್ದದ್ದು ಬೆಳೆಗಾರರದ್ದು ಮಾತ್ರ ಅಲ್ವಲ್ಲ. ತೋಟದ ಸಾಹುಕಾರ್ರು ಯಾವ ಕಡೆ ಇದ್ರೂ ಲೈನ್ ಮನೆ ಹೆಂಗಸರಿಗೆ "ಇಂದಿರಮ್ಮ" ಅನ್ನೋ ಹೆಸರೇ ಸಾಕಾಗಿತ್ತು. ಇದನ್ನ ಹಳಬ್ರು ಇವತ್ತಿಗೂ ಹೇಳ್ತಾರೆ, ಅದನ್ನ ಅಂಧಭಕ್ತಿ ಅಂತ ತಳ್ಳಿ ಹಾಕೋದು ನಂಗೆ ಇಷ್ಟ ಇಲ್ಲ. ಜೀತ ನಿಷೇಧ, ಉಳುವವನಿಗೆ ಭೂಮಿ, ಜನತಾ ಮನೆ, ಇವೆಲ್ಲಾ ಅರಸು ಮಾಡಿದ್ರೂ ಜನ ಅದನ್ನ ಇಂದಿರಮ್ಮನ ಲೆಕ್ಕಕ್ಕೇ ಜಮಾ ಮಾಡಿದ್ರು. ಕಾಫಿ ತೋಟಗಳಿಗೆ ಭೂಮಿತಿ ಕಾಯ್ದೆಯಿಂದ ವಿನಾಯ್ತಿ ಇದ್ದಿದ್ರಿಂದ ತೋಟದ ಕೂಲಿಗೆ ಜಮೀನು ಬರ್ಲಿಲ್ಲ ಅನ್ನೋದೂ ನಿಜವೇ, ಆದ್ರೂ ಅವ್ರ ಓಟು ಹಸ್ತಕ್ಕೇ ಬಿತ್ತು. ಎಣಿಕೆ ಮುಗಿದಾಗ ಇಂದಿರಾ ಗಾಂಧಿ 77 ಸಾವಿರಕ್ಕೂ ಹೆಚ್ಚು ಓಟಿನ ಅಂತರದಲ್ಲಿ ಗೆದ್ದಿದ್ರು.

ಡಿಸೆಂಬರ್ 19ಕ್ಕೆ ಲೋಕಸಭೆ ಅವ್ರನ್ನ ಹೊರಗೆ ಹಾಕ್ತು. ಮಗ ಸಂಜಯ್ ಗಾಂಧಿಯ ಮಾರುತಿ ಕಂಪನಿ ಬಗ್ಗೆ ಸದನಕ್ಕೆ ಮಾಹಿತಿ ಸೇರಿಸ್ತಿದ್ದ ಅಧಿಕಾರಿಗಳಿಗೆ ಪ್ರಧಾನಿಯಾಗಿದ್ದಾಗ ತೊಂದ್ರೆ ಕೊಟ್ರು ಅನ್ನೋ ಹಕ್ಕುಚ್ಯುತಿ ಆರೋಪ. ಸದಸ್ಯತ್ವ ರದ್ದು, ಜೊತೆಗೆ ಅಧಿವೇಶನ ಮುಗಿಯೋವರೆಗೆ ತಿಹಾರ್ ಜೈಲು, ಒಂದು ವಾರ. ಆ ನಿರ್ಣಯವನ್ನ 1981ರಲ್ಲಿ ಮುಂದಿನ ಲೋಕಸಭೆ ವಾಪಸ್ ತಗೊಂಡ್ತು ಅನ್ನೋದು ಬೇರೆ ವಿಷ್ಯ. ಚಿಕ್ಕಮಗಳೂರಿನ ಮತದಾರನ ಕಡೆಯಿಂದ ನೋಡಿ ಸ್ವಲ್ಪ: ಮಾರ್ಚ್ 77ರಲ್ಲಿ ಲೋಕಸಭೆಗೆ ಓಟು, ಫೆಬ್ರವರಿ 78ರಲ್ಲಿ ವಿಧಾನಸಭೆಗೆ ಓಟು, ನವೆಂಬರ್ 78ರಲ್ಲಿ ಮತ್ತೆ ಲೋಕಸಭೆಗೆ ಓಟು, ಆರು ವಾರದಲ್ಲಿ ಆ ಎಂಪಿನೂ ಇಲ್ಲ, ಜನವರಿ 80ರಲ್ಲಿ ಮತ್ತೆ ಲೋಕಸಭೆಗೆ ಓಟು. ಮೂರು ವರ್ಷ ತುಂಬಿರ್ಲಿಲ್ಲ. 1980ರಲ್ಲಿ ಇಂದಿರಾ ಗಾಂಧಿ ನಿಂತಿದ್ದು ರಾಯಬರೇಲಿ ಮತ್ತು ಮೇದಕ್‌ನಲ್ಲಿ, ಇತ್ತ ತಿರುಗಿ ನೋಡ್ಲಿಲ್ಲ. ಆಮೇಲೆ 1999ರಲ್ಲಿ ಬಳ್ಳಾರಿಯಲ್ಲಿ ಸೋನಿಯಾ ಗಾಂಧಿ ಗೆದ್ದು ಅಮೇಥಿ ಇಟ್ಕೊಂಡು ಬಳ್ಳಾರಿ ಬಿಟ್ರಲ್ಲ, ಅದನ್ನ ಕೇಳಿದಾಗ ನಮ್ ಕಡೆಯವ್ರಿಗೆ ಹೊಸದೇನೂ ಅನ್ನಿಸ್ಲಿಲ್ಲ.

ಕೊಟ್ಟವ್ರ ಕಥೆ

ಚಂದ್ರೇಗೌಡ್ರಿಗೆ ವಿಧಾನ ಪರಿಷತ್ ಸದಸ್ಯತ್ವ ಸಿಕ್ತು, ಅರಸು ಸಂಪುಟದಲ್ಲಿ ಮಂತ್ರಿನೂ ಆದ್ರು. "ಸೀಟು ಕೊಟ್ಟು ಮಂತ್ರಿಗಿರಿ ತಗೊಂಡ್ರು" ಅಂತ ಹೇಳೋವ್ರು ಇಲ್ಲಿಗೆ ನಿಲ್ಲಿಸ್ತಾರೆ, ಮುಂದಕ್ಕೆ ಹೋದ್ರೆ ಆ ಲೆಕ್ಕ ನಿಲ್ಲಲ್ಲ. 1979ರ ನಡುವೆ ಅರಸುಗೂ ಇಂದಿರಾ ಗಾಂಧಿಗೂ ಜಗಳ ಬಿತ್ತು, ಅರಸು ಹೊರಗೆ ಹೋದ್ರು, 1980ರ ಜನವರಿಯಲ್ಲಿ ಇಂದಿರಾ ಕಾಂಗ್ರೆಸ್ ಕರ್ನಾಟಕದ 28ರಲ್ಲಿ 27 ಗೆದ್ಕೊಂಡ್ತು, ಅರಸು ಸರ್ಕಾರ ಬಿತ್ತು, ಗುಂಡೂರಾವ್ ಮುಖ್ಯಮಂತ್ರಿ ಆಗಿ ಬಂದ್ರು. ಆಗ ಇಂದಿರಾ ಗಾಂಧಿ ಮತ್ತೆ ಪ್ರಧಾನಿ. ಕಷ್ಟದ ದಿನದಲ್ಲಿ ತನ್ನ ಸೀಟೇ ಕೊಟ್ಟ ಮನುಷ್ಯ ಆ ಗೆಲುವಿನ ಪಾಲುದಾರ ಆಗ್ಬೇಕಿತ್ತು, ಆಗ್ಲಿಲ್ಲ, ಅವ್ರು ಅರಸು ಬಣದಲ್ಲಿದ್ರು. 1983ರ ಹೊತ್ತಿಗೆ ಅವ್ರು ಜನತಾ ಪಕ್ಷದಲ್ಲಿದ್ರು, ಅಂದ್ರೆ ಐದು ವರ್ಷದ ಹಿಂದೆ ಚಿಕ್ಕಮಗಳೂರಲ್ಲಿ ಯಾವ ಪಕ್ಷದ ವಿರುದ್ಧ ಊರೂರು ತಿರುಗಿದ್ರೋ ಅದೇ ಪಕ್ಷ.

ಈಗ ಕ್ಷೇತ್ರದ ವಿಷ್ಯಕ್ಕೆ ಬರೋಣ, ನನ್ನ ಪ್ರಕಾರ ಈ ಕೇಸಿನ ಗಂಟು ಇರೋದೇ ಇಲ್ಲಿ. ಅವ್ರ ಹುಟ್ಟೂರಿನ ತಾಲ್ಲೂಕು ಮೂಡಿಗೆರೆ, ವಿಧಾನಸಭೆಗೆ ಪರಿಶಿಷ್ಟ ಜಾತಿ ಮೀಸಲು ಕ್ಷೇತ್ರ. ಅಲ್ಲಿ ಅವ್ರು ನಿಲ್ಲೋ ಹಾಗೇ ಇಲ್ಲ. ಪಕ್ಕದ ಶೃಂಗೇರಿಯಲ್ಲಿ ಅದೇ ಜನತಾ ಪಕ್ಷದ ಎಚ್.ಜಿ. ಗೋವಿಂದೇಗೌಡ್ರು ಬೇರೂರಿದ್ರು. ಲೋಕಸಭೆ ಕ್ಷೇತ್ರ ಕೈಬಿಟ್ಟು ಹೋಗಿತ್ತು. ಲೋಕಸಭೆ ಸದಸ್ಯನಿಗೆ ಇಡೀ ಜಿಲ್ಲೆ ಮನೆ ಇದ್ದಂತೆ ಇರುತ್ತೆ, ಅದನ್ನ ಕಳ್ಕೊಂಡ ಮೇಲೆ ಸ್ವಂತ ತಾಲ್ಲೂಕಲ್ಲಿ ವಿಧಾನಸಭೆಗೆ ಹೋಗೋ ಬಾಗಿಲೂ ಮುಚ್ಚಿತ್ತು. ಹಂಗಾಗಿ 1983ರಲ್ಲಿ ಅವ್ರು ಹೋಗಿ ನಿಂತಿದ್ದು ಗಡಿ ದಾಟಿ ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳೀಲಿ. ಕಡಿದಾಳ್ ಮಂಜಪ್ಪನವ್ರ ಊರು, ಶಾಂತವೇರಿ ಗೋಪಾಲಗೌಡ್ರ ಹೋರಾಟದ ನೆಲ, ಕೋಣಂದೂರು ಲಿಂಗಪ್ಪನವ್ರು ಶಾಸಕರಾಗಿದ್ದ ಜಾಗ, ರಾಜಕೀಯವಾಗಿ ತುಂಬಾ ತಿಳಿದ ಜನ. ಹೊರಗಿನಿಂದ ಬಂದವ್ರು ಅಂತ ಅವ್ರನ್ನ ತಿರಸ್ಕರಿಸ್ಲಿಲ್ಲ, ಗೆಲ್ಲಿಸಿದ್ರು.

ಆ 1983ರ ಸದನ ನಮ್ ರಾಜ್ಯದಲ್ಲಿ ಅಪರೂಪದ್ದು. ಜನತಾ 95, ಕಾಂಗ್ರೆಸ್ 82, ಬಿಜೆಪಿ 18. ರಾಮಕೃಷ್ಣ ಹೆಗಡೆ ಸರ್ಕಾರಕ್ಕೆ ಸ್ವಂತ ಬಹುಮತ ಇಲ್ಲ, ಬಿಜೆಪಿ ಮತ್ತೆ ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟಿದ್ವು. ಪಕ್ಷಾಂತರ ನಿಷೇಧ ಕಾಯ್ದೆ ಇನ್ನೂ ಬಂದಿರ್ಲಿಲ್ಲ, ಅದು ಬಂದಿದ್ದು 1985ರಲ್ಲಿ. ಅಂದ್ರೆ ಯಾವ ಶಾಸಕ ಯಾವತ್ತು ಬೇಕಾದ್ರೂ ಆಚೆ ಬೆಂಚಿಗೆ ಹೋಗಿ ಕೂತ್ಕೋಬೋದು, ಸದಸ್ಯತ್ವ ಹೋಗಲ್ಲ. ಇಂಥ ಸದನಕ್ಕೆ ಸ್ಪೀಕರ್ ಆಗಿ ಕೂತವ್ರು ಚಂದ್ರೇಗೌಡ್ರು, 1985ರವರೆಗೆ. ಸಮ ಸಮ ಓಟು ಬಿದ್ರೆ ಮಾತ್ರ ಸ್ಪೀಕರ್ ಓಟು ಹಾಕ್ಬೋದು, ಉಳಿದಂತೆ ಕೈಲಿರೋದು ಬರೀ ನಿಯಮದ ಪುಸ್ತಕ ಮತ್ತೆ ಎರಡೂ ಕಡೆಯವ್ರ ನಂಬಿಕೆ.

ಆ ಸದನ ಮಾಡಿದ ಕೆಲ್ಸ ನೋಡಿ. 1983ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಕಾನೂನು, ಆಗಿನ ಪಂಚಾಯ್ತಿ ಮಂತ್ರಿ ಅಬ್ದುಲ್ ನಜೀರ್ ಸಾಬ್ ಹೆಸರಿನ ಜೊತೆ ಜನ ನೆನಪಿಟ್ಟಿರೋದು. 1984ರ ಲೋಕಾಯುಕ್ತ ಕಾಯ್ದೆ. ಇವತ್ತು ತಾಲ್ಲೂಕು ಆಫೀಸಲ್ಲಿ ಲಂಚ ಕೇಳಿದವ್ನು ಟ್ರ್ಯಾಪ್‌ಗೆ ಬಿದ್ದ ಅಂತ ಪೇಪರಲ್ಲಿ ಓದ್ತೀವಲ್ಲ, ಆ ಸಂಸ್ಥೆ ಹುಟ್ಟಿದ್ದು ಆ ಸದನದಲ್ಲಿ. ಸ್ಪೀಕರ್ ಕಾನೂನು ತರಲ್ಲ, ಅದನ್ನ ತಂದಿದ್ದು ಹೆಗಡೆ ಸರ್ಕಾರ, ಗೊತ್ತು. ಆದ್ರೆ ಬಹುಮತ ಇಲ್ಲದ ಸರ್ಕಾರ ಇಷ್ಟು ದೊಡ್ಡ ಕಾನೂನು ಪಾಸ್ ಮಾಡ್ಕೋಬೇಕಾದ್ರೆ ಸದನ ನಡೀಬೇಕು, ಚರ್ಚೆ ಆಗ್ಬೇಕು, ಗಲಾಟೆಯಲ್ಲಿ ಮುಳುಗಬಾರ್ದು. ಅದನ್ನ ನಡೆಸಿದವ್ರ ಹೆಸರು ನಮ್ ಜಿಲ್ಲೆಯವ್ರಿಗೇ ಗೊತ್ತಿಲ್ಲ ಅನ್ನೋದು ಬೇಜಾರು.

1986ರಲ್ಲಿ ರಾಜ್ಯಸಭೆಗೆ ಹೋದ್ರು. ಅಲ್ಲಿಗೆ ನಾಲ್ಕೂ ಮನೆ ಆಯ್ತು. ರಾಜ್ಯಸಭೆಗೆ ಅವಧಿ ಆರು ವರ್ಷ, ಆದ್ರೆ 1989ರಲ್ಲಿ ಮತ್ತೆ ತೀರ್ಥಹಳ್ಳಿಯಿಂದ ವಿಧಾನಸಭೆಗೆ ಬಂದ್ರು. ಇಲ್ಲೊಂದು ಮಾದರಿ ಕಾಣ್ಸುತ್ತೆ: ಲೋಕಸಭೆ ಮಧ್ಯದಲ್ಲಿ ಬಿಟ್ರು, ಪರಿಷತ್ತು ಅವಧಿ ಮುಗಿಯೋ ಮುಂಚೆ ಬಿಟ್ರು, ರಾಜ್ಯಸಭೆನೂ ಮಧ್ಯದಲ್ಲೇ ಬಿಟ್ರು. ಮೊದಲನೇದು ನಾಯಕಿಗೋಸ್ಕರ, ಉಳಿದೆರಡು ಜನರ ಓಟಿನಿಂದ ಸಿಗೋ ಸದನಕ್ಕೋಸ್ಕರ. ಶಾಸಕರು ಓಟು ಹಾಕಿ ಕಳಿಸೋ ಮನೇಲಿ ಆರು ವರ್ಷ ಆರಾಮಾಗಿ ಕೂರ್ಬೋದಾಗಿತ್ತು, ಆದ್ರೂ ಪ್ರತಿ ಸಲ ಬಿಸಿಲಲ್ಲಿ ಓಡಾಡಿ ಓಟು ಕೇಳೋ ದಾರಿಗೇ ವಾಪಸ್ ಬಂದ್ರು. ಇದು ನಂಗೆ ಅವ್ರ ಬಗ್ಗೆ ಗೌರವ ಹೆಚ್ಚಿಸೋ ಸಂಗತಿ.

1989ರ ವಿಧಾನಸಭೆ ಬಗ್ಗೆ ಸ್ವಲ್ಪ ನಿಲ್ಲೋಣ. ಕಾಂಗ್ರೆಸ್ ಭಾರೀ ಬಹುಮತದಿಂದ ಬಂತು, ಮುಖ್ಯಮಂತ್ರಿ ಯಾರು ಗೊತ್ತಾ, ವೀರೇಂದ್ರ ಪಾಟೀಲ್. ಹೌದು, 1978ರಲ್ಲಿ ಚಿಕ್ಕಮಗಳೂರಲ್ಲಿ ಇಂದಿರಾ ಗಾಂಧಿ ವಿರುದ್ಧ ನಿಂತು ಸೋತಿದ್ದ ಅದೇ ವೀರೇಂದ್ರ ಪಾಟೀಲ್. ಅವ್ರ ಎದುರು ವಿರೋಧ ಪಕ್ಷದ ನಾಯಕನ ಜಾಗದಲ್ಲಿ ಜನತಾದಳದ ಚಂದ್ರೇಗೌಡ್ರು. ಹನ್ನೊಂದು ವರ್ಷದಲ್ಲಿ ಇಂದಿರಾ ವಿರುದ್ಧ ನಿಂತವ್ರು ಇಂದಿರಾ ಪಕ್ಷದ ಮುಖ್ಯಮಂತ್ರಿ, ಇಂದಿರಾಗೆ ಸೀಟು ಕೊಟ್ಟವ್ರು ಅದೇ ಪಕ್ಷದ ವಿರೋಧಿ ನಾಯಕ. ನವೆಂಬರ್ 78ರಲ್ಲಿ ತೋಟ ತೋಟ ಸುತ್ತಿ ಒಬ್ರ ಮೇಲೊಬ್ರು ಬೈದಾಡ್ಕೊಂಡು, ಅಣ್ತಮ್ಮಂದಿರ ಜೊತೆ ಮಾತು ಬಿಟ್ಟ ಕಾರ್ಯಕರ್ತರು ನಮ್ ಕಡೆ ಇದ್ರು. ಅವ್ರಿಗೆ ಈ ದೃಶ್ಯ ನೋಡಿ ಏನನ್ನಿಸಿರ್ಬೇಕು ಅಂತ ನಾನು ಎಷ್ಟೋ ಸಲ ಯೋಚ್ನೆ ಮಾಡಿದೀನಿ. ಸಿದ್ಧಾಂತ ಅಂತ ಜಗಳ ಆಡೋದು ಕೆಳಗಿನವ್ರು, ಮೇಲಿನವ್ರಿಗೆ ಬೆಂಚು ಬದಲಾಯಿಸೋಕೆ ಹತ್ತು ವರ್ಷ ಸಾಕು.

ಶೃಂಗೇರಿ, ಆಮೇಲೆ ಬೆಂಗಳೂರು

ತೀರ್ಥಹಳ್ಳಿ 1994ರಲ್ಲಿ ಬಿಜೆಪಿಯ ಆರಗ ಜ್ಞಾನೇಂದ್ರ ಅವ್ರ ಪಾಲಾಯ್ತು. 1999ರಲ್ಲಿ ಚಂದ್ರೇಗೌಡ್ರು ಮತ್ತೆ ಕಾಂಗ್ರೆಸ್ಸಿಗೆ ಬಂದು ಸ್ವಂತ ಜಿಲ್ಲೆಯ ಶೃಂಗೇರಿಯಿಂದ ಗೆದ್ರು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ಸೇರಿದ ಕ್ಷೇತ್ರ. ಅವ್ರಿಗಿಂತ ಮುಂಚೆ ಅಲ್ಲಿ ಶಾಸಕರಾಗಿದ್ದವ್ರು ಗೋವಿಂದೇಗೌಡ್ರು, ಶಿಕ್ಷಣ ಮಂತ್ರಿಯಾಗಿ ಸುಮಾರು ಒಂದು ಲಕ್ಷ ಮೇಷ್ಟ್ರುಗಳನ್ನ ಲಂಚ ಇಲ್ಲದೆ, ಮಾರ್ಕ್ಸ್ ನೋಡಿ ನೇಮಕ ಮಾಡಿದ ಪುಣ್ಯಾತ್ಮ. ಇವತ್ತೂ ರಾಜ್ಯದ ಯಾವ ಮೂಲೆಗೆ ಹೋದ್ರೂ "ಗೋವಿಂದೇಗೌಡ್ರ ಟೈಮಲ್ಲಿ ಸೇರಿದ್ದು" ಅಂತ ಹೇಳೋ ಮೇಷ್ಟ್ರು, ಟೀಚರಮ್ಮ ಸಿಗ್ತಾರೆ. ಇಬ್ರೂ ಒಂದೇ ಜಿಲ್ಲೆ, ಒಂದೇ ಕಾಲ. ಒಬ್ರು ಒಂದೇ ಕ್ಷೇತ್ರ ಹಿಡ್ಕೊಂಡು, ಒಂದೇ ರಾಜಕೀಯ ಪರಂಪರೆಯಲ್ಲಿ ಉಳ್ಕೊಂಡು, ಒಂದು ಇಲಾಖೆಯಲ್ಲಿ ಒಂದು ಕೆಲ್ಸ ಗಟ್ಟಿಯಾಗಿ ಮಾಡಿ ಹೋದ್ರು, ಅವ್ರ ಹೆಸರು ಕೆಲಸದ ಮೇಲೆ ನಿಂತಿದೆ. ಇನ್ನೊಬ್ರು ಹೆಚ್ಚು ಎತ್ತರದ ಖುರ್ಚಿಗಳಲ್ಲಿ ಕೂತ್ರು, ಆದ್ರೆ ಅವ್ರ ಹೆಸರು ಬಿಟ್ಟುಕೊಟ್ಟ ಖುರ್ಚಿ ಮೇಲೆ ನಿಂತಿದೆ. ಕ್ಷೇತ್ರ ಅನ್ನೋದು ಬರೀ ಓಟಿನ ಲೆಕ್ಕ ಅಲ್ಲ, ನಾವು ಮಾಡಿದ್ದನ್ನ ನೆನಪಿಟ್ಕೊಳ್ಳೋ ಜನ ಅದು. ತೀರ್ಥಹಳ್ಳಿಯವ್ರು, ಶೃಂಗೇರಿಯವ್ರು, ಬೆಂಗಳೂರಿನವ್ರು, ಎಲ್ರಿಗೂ ಚಂದ್ರೇಗೌಡ್ರು ಸ್ವಲ್ಪ ಸ್ವಲ್ಪ ಗೊತ್ತು, ಪೂರ್ತಿ ನಮ್ಮವ್ರು ಅಂತ ಹೇಳೋ ಊರು ದಾರದಹಳ್ಳಿ ಬಿಟ್ರೆ ಇಲ್ಲ.

ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರ ಖಾತೆ ಅವ್ರದ್ದು. ಸುಖದ ಕಾಲ ಆಗಿರ್ಲಿಲ್ಲ. 2000ನೇ ಇಸವಿ ಜುಲೈ 30ಕ್ಕೆ ಡಾ. ರಾಜ್‌ಕುಮಾರ್ ಅಪಹರಣ, 108 ದಿನ. ಅಪಹರಿಸಿದ ಕಾಡುಗಳ್ಳ ವೀರಪ್ಪನ್ ಬೇಡಿಕೆಯಂತೆ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೇಸು ವಾಪಸ್ ತಗೊಳ್ಳೋಕೆ ಸರ್ಕಾರ ಹೊರಟಿದ್ದನ್ನ ಸುಪ್ರೀಂ ಕೋರ್ಟ್ ತಡೀತು. 2002ರಲ್ಲಿ ಕಾವೇರಿ ಗಲಾಟೆ, ನ್ಯಾಯಾಂಗ ನಿಂದನೆ ಭಯ. ಒಂದು ಕಡೆ ರಾಜ್ಯದ ಜನರ ಭಾವನೆ, ಇನ್ನೊಂದು ಕಡೆ ಕೋರ್ಟ್ ಆದೇಶ, ಮಧ್ಯದಲ್ಲಿ ಕಾನೂನು ಇಲಾಖೆ. ಅದೇ ಸರ್ಕಾರ 2000ದಲ್ಲಿ ಕರ್ನಾಟಕ ಮಾಹಿತಿ ಹಕ್ಕು ಕಾಯ್ದೆ ತಂತು, ಕೇಂದ್ರದ ಕಾಯ್ದೆಗಿಂತ ಐದು ವರ್ಷ ಮೊದ್ಲೇ. ಇತ್ತ ಕ್ಷೇತ್ರದಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿನ ಜನರ ಒಕ್ಕಲೆಬ್ಬಿಸೋ ಆತಂಕ, ಗಣಿಗಾರಿಕೆ ನಿಲ್ಲಿಸಿ ಅಂತ 2002ರಲ್ಲಿ ಸುಪ್ರೀಂ ಕೋರ್ಟ್ ಆದೇಶ, ಅದ್ರ ಹಿಂದೆಯೇ ಮಲೆನಾಡಿಗೆ ನಕ್ಸಲ್ ಚಟುವಟಿಕೆ, ಪೊಲೀಸ್ ಕೂಂಬಿಂಗ್. ಬಾಬಾಬುಡನ್‌ಗಿರಿ ದರ್ಗಾನೋ ದತ್ತಪೀಠನೋ ಅನ್ನೋ ವಿವಾದನೂ ಆಗ್ಲೇ ಜೋರಾಗಿದ್ದದ್ದು. ಜಿಲ್ಲೆಯ ರಾಜಕೀಯದ ಬಣ್ಣವೇ ಬದಲಾಗ್ತಿತ್ತು. 2004ರಲ್ಲಿ ಶೃಂಗೇರಿ ಬಿಜೆಪಿಯ ಡಿ.ಎನ್. ಜೀವರಾಜ್ ಪಾಲಾಯ್ತು.

ಆಮೇಲೆ ಚಂದ್ರೇಗೌಡ್ರೇ ಬಿಜೆಪಿಗೆ ಹೋದ್ರು. 2009ರ ಲೋಕಸಭೆ ಚುನಾವಣೇಲಿ ಬೆಂಗಳೂರು ಉತ್ತರದಲ್ಲಿ ಕಾಂಗ್ರೆಸ್ಸಿನ ಜಾಫರ್ ಷರೀಫ್ ಅವ್ರನ್ನ ಸೋಲಿಸಿ, 72ನೇ ವಯಸ್ಸಲ್ಲಿ, ಮೂವತ್ತೊಂದು ವರ್ಷ ಆದ್ಮೇಲೆ ಮತ್ತೆ ಲೋಕಸಭೆಗೆ ಕಾಲಿಟ್ರು. ಅಷ್ಟೊತ್ತಿಗೆ ಅವ್ರು ಬಿಟ್ಟುಹೋಗಿದ್ದ ಚಿಕ್ಕಮಗಳೂರು ಕ್ಷೇತ್ರ ಅದೇ ರೂಪದಲ್ಲಿ ಉಳಿದಿರ್ಲಿಲ್ಲ. ಕ್ಷೇತ್ರ ಮರುವಿಂಗಡಣೆಯಲ್ಲಿ ಅದು ಉಡುಪಿ ಚಿಕ್ಕಮಗಳೂರು ಆಯ್ತು, ಕಡೂರು ಹಾಸನಕ್ಕೆ ಹೋಯ್ತು. 2009ರಲ್ಲಿ ಇಲ್ಲಿಂದ ಗೆದ್ದ ಡಿ.ವಿ. ಸದಾನಂದಗೌಡ್ರು 2011ರಲ್ಲಿ ಮುಖ್ಯಮಂತ್ರಿ ಆಗೋಕೆ ಈ ಸೀಟು ಬಿಟ್ರು, 2012ರಲ್ಲಿ ಮತ್ತೆ ಉಪಚುನಾವಣೆ. ಅದೇ ಸದಾನಂದಗೌಡ್ರಿಗೆ 2014ರಲ್ಲಿ ಚಂದ್ರೇಗೌಡ್ರು ಇದ್ದ ಬೆಂಗಳೂರು ಉತ್ತರದ ಟಿಕೆಟ್ ಸಿಕ್ತು. ಚಂದ್ರೇಗೌಡ್ರ ಚುನಾವಣಾ ರಾಜಕೀಯ ಅಲ್ಲಿಗೆ ಮುಗೀತು ಅಂತಲೇ ಹೇಳ್ಬೇಕು, ಊರಿಗೆ ಬಂದ್ರು, ದಾರದಹಳ್ಳಿಯ ಮನೇಲೇ ಕಣ್ಮುಚ್ಚಿದ್ರು.

ಪಕ್ಷ ಬದಲಾಯಿಸಿದ್ದನ್ನ ನಾನು ಮುಚ್ಚಿಡಲ್ಲ. ಕಾಂಗ್ರೆಸ್, ಅರಸು ಬಣ, ಜನತಾ, ಜನತಾದಳ, ಮತ್ತೆ ಕಾಂಗ್ರೆಸ್, ಕೊನೆಗೆ ಬಿಜೆಪಿ. ಅಷ್ಟು ಸಲ ಬಾವುಟ ಬದಲಾದ್ರೆ ಹಿಂದೆ ನಡ್ಕೊಂಡು ಬರೋ ಕಾರ್ಯಕರ್ತ ಸುಸ್ತಾಗ್ತಾನೆ, ಹೊಸ ಪಾರ್ಟಿಯ ಹಳೇ ಕಾರ್ಯಕರ್ತ ನಂಬಲ್ಲ. ಸ್ವಂತ ಕ್ಷೇತ್ರ ಇದ್ದಿದ್ರೆ ಇಷ್ಟು ಅಲೀಬೇಕಾಗ್ತಿತ್ತಾ ಅಂತ ಕೇಳಿದ್ರೆ ನನ್ನ ಉತ್ತರ ಇಲ್ಲ ಅಂತಲೇ. ಕ್ಷೇತ್ರ ಗಟ್ಟಿ ಇದ್ದವ್ನ ಮನೆ ಬಾಗಿಲಿಗೆ ಪಾರ್ಟಿ ಬರುತ್ತೆ, ಇಲ್ಲದವ್ನು ಪಾರ್ಟಿ ಆಫೀಸಿನ ಬಾಗ್ಲಲ್ಲಿ ನಿಲ್ಬೇಕು. ಹಾಸನ ಕಡೆ ನೋಡಿ, ದೇವೇಗೌಡ್ರು ಎಷ್ಟು ಸಲ ಪಾರ್ಟಿ ಒಡೆದ್ರೂ, ಸೋತ್ರೂ ಗೆದ್ರೂ, ಹೊಳೆನರಸೀಪುರದ ನೆಲ ಬಿಡ್ಲಿಲ್ಲ, ಆ ನೆಲವೇ ಅವ್ರನ್ನ ಮತ್ತೆ ಮತ್ತೆ ಎತ್ತಿ ನಿಲ್ಲಿಸ್ತು. ಚಂದ್ರೇಗೌಡ್ರ ಕೈಲಿ 41 ವಯಸ್ಸಿಗೆ ಎರಡು ಸಲ ಗೆದ್ದಿದ್ದ ಅಂಥದ್ದೇ ಒಂದು ನೆಲ ಇತ್ತು.

ಹಂಗಂತ ಅವ್ರನ್ನ ಪಾಪದವ್ರು ಅಂತ ಚಿತ್ರಿಸೋದೂ ತಪ್ಪು. ಎಂಟು ಸಲ ನಾಲ್ಕು ಸದನಕ್ಕೆ ಆಯ್ಕೆಯಾಗೋದು ಕನಿಕರದಿಂದ ಆಗಲ್ಲ, ಜನ ಮತ್ತೆ ಪಾರ್ಟಿಗಳು ಅವ್ರ ಸಾಮರ್ಥ್ಯ ನೋಡಿಯೇ ಕರೆದದ್ದು. ಸದನದ ನಿಯಮ ಗೊತ್ತಿರೋ, ಕಾನೂನು ಗೊತ್ತಿರೋ ಮನುಷ್ಯ ಯಾವ ಪಕ್ಷಕ್ಕೂ ಬೇಕು.

ಈಗ ನನ್ನದೊಂದು ಬೇಡಿಕೆ. ವಿಧಾನಮಂಡಲದ ಗ್ರಂಥಾಲಯದಲ್ಲಿ ಸದನದ ನಡಾವಳಿ ಸಂಪುಟಗಳಿರ್ತವೆ, ಯಾರು ಏನು ಮಾತಾಡಿದ್ರು, ಸ್ಪೀಕರ್ ಏನು ರೂಲಿಂಗ್ ಕೊಟ್ರು ಅಂತ ಮಾತು ಮಾತೂ ಅದ್ರಲ್ಲಿ ಇರುತ್ತೆ. 1983ರಿಂದ 85ರ ಸಂಪುಟಗಳು, ಅದ್ರಲ್ಲೂ ಜಿಲ್ಲಾ ಪರಿಷತ್ ಮಸೂದೆ, ಲೋಕಾಯುಕ್ತ ಮಸೂದೆ ಚರ್ಚೆ, ಆಮೇಲೆ 1989ರಿಂದ ಅವ್ರು ವಿರೋಧ ಪಕ್ಷದ ನಾಯಕರಾಗಿ ಮಾಡಿದ ಭಾಷಣಗಳು, ಇದನ್ನ ನಮ್ ಜಿಲ್ಲೆಯ ರಾಜ್ಯಶಾಸ್ತ್ರ ಎಂ.ಎ. ಹುಡುಗ್ರು, ಪಿಎಚ್‌ಡಿ ಮಾಡೋವ್ರು ಯಾರಾದ್ರೂ ಕೂತು ಓದಿ ಬರೀಬೇಕು. ಕಾಫಿ ಬಗ್ಗೆ ಅವ್ರು 1971ರಿಂದ 78ರವರೆಗೆ ಲೋಕಸಭೇಲಿ ಕೇಳಿದ ಪ್ರಶ್ನೆ ಏನೇನು ಅನ್ನೋದನ್ನೂ ತೆಗೀಬೇಕು, ಲೋಕಸಭೆಯ ಹಳೇ ಚರ್ಚೆಗಳು ಈಗ ಆನ್‌ಲೈನಲ್ಲೇ ಸಿಗ್ತವೆ. ಯಾರಾದ್ರೂ ಶುರು ಮಾಡಿದ್ರೆ ಹೇಳಿ, ಹಳೇ ಪೇಪರ್ ಕಟಿಂಗ್ ಹುಡುಕೋದ್ರಲ್ಲಿ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ ಕಡೆ ಹಳಬ್ರನ್ನ ಮಾತಾಡಿಸೋದ್ರಲ್ಲಿ ನಾನೂ ಜೊತೆಗೆ ಬರ್ತೀನಿ.